ಕಣ್ಣು ಮುಚ್ಚಿದರೆ ಬೇಡ ಎಂದರ್ಥ

ನನ್ನ ಹುದ್ದೆಯ ಹೆಸರು ಇಂಗ್ಲಿಷಿನಲ್ಲಿ ಬರೆದರೆ ಒಂದೂವರೆ ಸಾಲು ಬರುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳಿದರೆ ಅದನ್ನೆಲ್ಲ ಹೇಳಲಿಕ್ಕೆ ಹೋಗುವುದಿಲ್ಲ. "ಆರ್ಟ್ ಮ್ಯೂಸಿಯಮ್ಮಿಗೆ ಜನ ಕರೆಯುವ ಕೆಲಸ" ಎಂದು ಮುಗಿಸುತ್ತೇನೆ. "ಕರೀಲಿಕ್ಕೆ ಎಂತದು, ಅಲ್ಲಿ ಊಟ ಉಂಟಾ?" ಎಂದು ಒಮ್ಮೆ ಒಬ್ಬರು ಕೇಳಿದ್ದರು. ಊಟ ಇಲ್ಲ. ಕಾಸರಗೋಡು ಪೇಟೆ ದಾಟಿ ಗುಡ್ಡ ಹತ್ತಿದರೆ, ಮುರಕಲ್ಲಿನ ಹಳೆಯ ಗೋದಾಮೊಂದನ್ನು ರಿಪೇರಿ ಮಾಡಿ ಒಂದು ಟ್ರಸ್ಟಿನವರು ನಡೆಸುವ ಮ್ಯೂಸಿಯಂ ನಮ್ಮದು. ಗೋಡೆಯ ತುಂಬ ಚಿತ್ರಗಳಿವೆ, ಮಧ್ಯಾಹ್ನದ ಹೊತ್ತು ಕಾವಲಿನವನ ಆಕಳಿಕೆ ಇದೆ. ಬಾರದವರನ್ನು ಬರುವ ಹಾಗೆ ಮಾಡುವುದು, ಬಂದವರಿಗೆ "ಇದು ನಮ್ಮದಲ್ಲ" ಅನಿಸದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ.

ಆ ಸಲ ಕರೆಯಬೇಕಾಗಿದ್ದದ್ದು ಎಣ್ಮಕಜೆಯ ಕಡೆಯವರನ್ನು. ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಕಾಲ ಮುಗಿದು ಎಷ್ಟೋ ವರ್ಷಗಳಾದವು. ಆದರೆ ಅದರ ಫಲ ಮನೆಮನೆಯಲ್ಲಿ ಇನ್ನೂ ಮಲಗಿಕೊಂಡಿದೆ. ಆ ದಿನಗಳಲ್ಲಿ ಕೇರಳದ ತೆಂಕಣ ಜಿಲ್ಲೆಯೊಂದರ ಫೋಟೋಗ್ರಾಫರ್ ಒಬ್ಬರು ಆ ಗುಡ್ಡಗಳಲ್ಲಿ ತಿಂಗಳುಗಟ್ಟಲೆ ಅಲೆದು ಕಪ್ಪು ಬಿಳುಪಿನ ಚಿತ್ರಗಳನ್ನು ತೆಗೆದಿದ್ದರು. ಅವನ್ನು ಪ್ರದರ್ಶಿಸುವುದೆಂದು ನಮ್ಮ ಮ್ಯೂಸಿಯಂ ನಿರ್ಧರಿಸಿತು.

ಅವುಗಳಲ್ಲಿ ಒಂದು ಚಿತ್ರ ಬಹಳ ಹೆಸರಾದದ್ದು. ಮನೆಯ ಜಗಲಿಯಲ್ಲಿ ಚಾಪೆ. ಚಾಪೆಯ ಮೇಲೆ ನಾಲ್ಕೈದು ವರ್ಷದ ಹುಡುಗಿ. ಮೈಮೇಲೆ ಒಂದು ಚಡ್ಡಿ ಬಿಟ್ಟರೆ ಏನಿಲ್ಲ. ಸೊಟ್ಟಗಾದ ಕೈಕಾಲುಗಳ ಮೇಲೆ ಬೆಳಗಿನ ಬಿಸಿಲು. ಅಂಚಿನಲ್ಲಿ ತಾಯಿಯ ಒಂದು ಕೈ ಮಾತ್ರ ಕಾಣುತ್ತದೆ. ಆ ಚಿತ್ರ ದೆಹಲಿಗೆ ಹೋಯಿತು, ಹೊರದೇಶಕ್ಕೂ ಹೋಯಿತು. ಅದನ್ನು ನೋಡಿಯೇ ಎಷ್ಟೋ ಜನ ನಮ್ಮ ಈ ಮೂಲೆಯನ್ನು ಹುಡುಕಿಕೊಂಡು ಬಂದರು ಎನ್ನುವುದು ಸುಳ್ಳಲ್ಲ.

ನಮ್ಮ ನಿರ್ದೇಶಕರು ಒಳ್ಳೆಯ ಮನುಷ್ಯ. ಆದರೆ ಉತ್ಸಾಹ ಬಂದರೆ ಹಿಂದೆ ಮುಂದೆ ನೋಡುವವರಲ್ಲ. ಪೋಸ್ಟರ್ ಆ ಚಿತ್ರದ್ದೇ, ಆಮಂತ್ರಣವೂ ಅದರದ್ದೇ ಎಂದು ತೀರ್ಮಾನಿಸಿ, ಅಚ್ಚಿಗೂ ಕೊಟ್ಟು, ಆಮೇಲೆ ನನ್ನನ್ನು ಕರೆದರು.

"ಆ ತಾಯಿಯೇ ದೀಪ ಹಚ್ಚಬೇಕು. ಕರೆದುಕೊಂಡು ಬರುವುದು ನಿಮ್ಮ ಜವಾಬ್ದಾರಿ."

"ಚಿತ್ರ ಹಾಕಲಿಕ್ಕೆ ಅವರ ಹತ್ತಿರ ಕೇಳಿದ್ದೀರಾ ಸಾರ್?"

"ಆಗಲೇ ಕೇಳಿ ತೆಗೆದದ್ದಲ್ಲವೇ?"

"ಆಗ ಆ ಹುಡುಗಿಗೆ ಚಡ್ಡಿ ಹಾಕುವ ಪ್ರಾಯ. ಈಗ ಅವಳು ಹೆಂಗಸು. ನಿಮ್ಮದೋ ನನ್ನದೋ ಹಾಗಿರುವ ಫೋಟೋ ಗೋಡೆಯಷ್ಟು ದೊಡ್ಡದು ಮಾಡಿ ಹಾಕಿದರೆ ನಾವು ಸುಮ್ಮನಿರುತ್ತೇವಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದರೆ ಹೋಗಿ ಕೇಳಿ ಬನ್ನಿ. ಆದರೆ ಬೇಗ" ಎಂದರು.

ಕೇಳುವುದಕ್ಕೂ ನನ್ನದೊಂದು ಕ್ರಮ ಇದೆ. ಕ್ಯಾಮೆರಾ ಕೊಂಡುಹೋಗುವುದಿಲ್ಲ, ಮೊಬೈಲನ್ನು ಚೀಲದಿಂದ ತೆಗೆಯುವುದಿಲ್ಲ. ಮೊದಲ ದಿನ ಸಿಕ್ಕಿದ ಒಪ್ಪಿಗೆಯನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಊರಿನಲ್ಲಿ ಮನೆಗೆ ಬಂದವರ ಮುಖದ ಎದುರು "ಆಗುವುದಿಲ್ಲ" ಎನ್ನುವವರು ಕಡಿಮೆ. ಮರ್ಯಾದೆಗೆ "ಆಯ್ತು" ಎನ್ನುತ್ತಾರೆ, ನಾವು ಗೇಟು ದಾಟಿದ ಮೇಲೆ ಬೈಯುತ್ತಾರೆ. ಹಾಗಾಗಿ ಇನ್ನೊಮ್ಮೆ ಹೋಗಿ, ಬೇರೆ ರೀತಿಯಲ್ಲಿ ಕೇಳುತ್ತೇನೆ. ಕಚೇರಿಯಲ್ಲಿ ಇದಕ್ಕೆ ತಮಾಷೆ ಮಾಡುವವರಿದ್ದಾರೆ. ಮಾಡಲಿ.

ಪೆರ್ಲದಲ್ಲಿ ಬಸ್ಸಿಳಿದು, ಜೀಪು ಹಿಡಿದು, ಗೇರು ಮರಗಳ ನಡುವಿನ ದಾರಿಯಲ್ಲಿ ನಡೆದು ಆ ಮನೆ ಮುಟ್ಟಿದೆ. ಚಿಕ್ಕ ಹಂಚಿನ ಮನೆ. ಜಗಲಿಯಲ್ಲಿ ಆ ತಾಯಿ ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಹೆಗಲಿಗೆ ಚೀಲ ಹಾಕಿದ ನನ್ನನ್ನು ಕಂಡದ್ದೇ ತಡ್ಪೆಯನ್ನು ಬದಿಗಿಟ್ಟು ಒಳಗೆ ಹೋದರು. ಕುರ್ಚಿ ತರಲಿಕ್ಕೆ ಎಂದುಕೊಂಡೆ. ತಂದದ್ದು ಚಾಪೆ. ತಲೆಯೆತ್ತಿ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡಿದರು, ಕಂಬದ ಹತ್ತಿರ ಚಾಪೆ ಬಿಡಿಸಿದರು. ಮತ್ತೆ ಒಳಗೆ ಹೋಗಿ ಮಗಳನ್ನು ಎರಡು ಕೈಗಳಲ್ಲಿ ಹೊತ್ತು ತಂದರು. ಬೆಳೆದ ಹೆಂಗಸು, ಭಾರ ಇದ್ದಳು. ತಾಯಿಗೆ ಉಸಿರು ಕಟ್ಟುತ್ತಿತ್ತು. ಚಾಪೆಯ ಮೇಲೆ ಮಲಗಿಸಿ, ಹೊದಿಕೆ ತೆಗೆದು, ನೈಟಿಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ನನ್ನ ಕಡೆ ತಿರುಗಿದರು.

"ಬೆಳಕು ಸಾಕಾ ಟೀಚರ್? ಸ್ವಲ್ಪ ಆಚೆ ಹಾಕ್ಬೇಕಾ?"

ಚೀಲ ಹಾಕಿದ ಹೆಂಗಸು ಯಾರೇ ಬಂದರೂ ಅವರಿಗೆ ಟೀಚರೇ; ನಾನು ಇನ್ನೂ ಹೆಸರು ಹೇಳಿರಲಿಲ್ಲ. ಅಂಗಳದಿಂದ ಮೆಟ್ಟಿಲೂ ಹತ್ತಿರಲಿಲ್ಲ. ಮಗಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು.

ನನಗೆ ಸಿಟ್ಟು ಬಂತು, ಅಷ್ಟೇ ಸಂಕಟವೂ ಆಯಿತು. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳಲಿಕ್ಕೆ ಗೊತ್ತಿರಲಿಲ್ಲ. ಹೋಗಿ ನೈಟಿಯನ್ನು ಕಾಲಿನ ತನಕ ಎಳೆದೆ. "ಅಕ್ಕ, ನಾನು ಫೋಟೋ ತೆಗೆಯುವವಳಲ್ಲ. ಇವರನ್ನು ಒಳಗೆ ಕರ್ಕೊಂಡು ಹೋಗುವ" ಎಂದೆ.

"ಮತ್ತೆ ಎಂತಕ್ಕೆ ಬಂದದ್ದು?" ಎಂದು ಅವರು ಕೇಳಿದರು. ಅವರ ಗೊಂದಲ ನಿಜವಾದದ್ದು.

ಇಬ್ಬರೂ ಸೇರಿ ಮಗಳನ್ನು ಒಳಗೆ ಮಂಚಕ್ಕೆ ಸಾಗಿಸಿದೆವು. ಚಾಯ ಮಾಡುತ್ತ ಅವರು ಮಗಳನ್ನು ಕೇಳಿದರು, "ನಿನಗೂ ಚಾಯ ಬೇಕಾ ಮಗಾ?" ಮಗಳು ಕಣ್ಣನ್ನು ಮೇಲಕ್ಕೆತ್ತಿ ಮಾಡಿನ ಹಂಚು ನೋಡಿದಳು. "ಅವಳಿಗೆ ಮಾತು ಇಲ್ಲ ಟೀಚರ್. ಬೇಕಾದ್ರೆ ಮೇಲೆ ನೋಡ್ತಾಳೆ, ಬೇಡದಿದ್ರೆ ಕಣ್ಣು ಮುಚ್ತಾಳೆ. ಗಂಜಿಯಾ ಚಾಯವಾ ಅಂತ ಕೇಳ್ಲಿಕ್ಕೆ ಅಷ್ಟು ಸಾಕು" ಎಂದರು.

ಮ್ಯೂಸಿಯಮ್ಮಿನ ಗೋಡೆಗೆ ಹಾಕಬಹುದಾ ಎಂದು ಕೇಳಲಿಕ್ಕೆ ಬಂದದ್ದೆಂದು ಹೇಳಿ, ಆ ಹಳೆಯ ಚಿತ್ರದ ಕೈಯಗಲದ ಪ್ರಿಂಟ್ ತೋರಿಸಿದೆ. ತಾಯಿ ಸೆರಗಿನಿಂದ ಅದನ್ನು ಒರೆಸಿ ಕಣ್ಣಿಗೆ ಒತ್ತಿಕೊಂಡರು. "ಇದು ಇದ್ದದ್ದಕ್ಕೆ ನಾವು ಇದ್ದೇವೆ. ಹಾಕಿ ಟೀಚರ್, ಕೇಳ್ಲಿಕ್ಕೆ ಎಂತ ಉಂಟು?"

"ಇವತ್ತು ಹೌದು ಅನ್ನುವುದು ಬೇಡ ಅಕ್ಕ. ಇನ್ನೊಮ್ಮೆ ಬರ್ತೇನೆ."

"ಇನ್ನೊಮ್ಮೆ ಎಂತಕ್ಕೆ? ಸುಮ್ನೆ ಬಸ್ಸಿನ ಚಾರ್ಜು ದಂಡ!"

ಎರಡನೆಯ ಸಲ ಹೋಗುವಾಗ ಕಂದು ಕಾಗದದ ಸುರುಳಿ ಕೊಂಡುಹೋದೆ. ಗೋಡೆಯ ಮೇಲೆ ಬರುವ ಚಿತ್ರದ ನಿಜವಾದ ಅಳತೆಗೆ ಕತ್ತರಿಸಿದ ಕಾಗದ ಅದು. ಕೈಯಲ್ಲಿ ಹಿಡಿದ ಚಿಕ್ಕ ಚಿತ್ರಕ್ಕೆ ಒಪ್ಪಿದವರು ದೊಡ್ಡದನ್ನು ಕಂಡು ಹೌಹಾರಿದ್ದನ್ನು ನೋಡಿದ್ದೇನೆ, ಅದಕ್ಕೆ ಈ ಉಪಾಯ. ಮಂಚದ ಎದುರಿನ ಗೋಡೆಗೆ ಅದನ್ನು ಹಿಡಿದು, "ಇಷ್ಟು ದೊಡ್ಡದು ಬರ್ತದೆ" ಎಂದೆ. ತಾಯಿ "ಅಬ್ಬಾ!" ಎಂದು ನಕ್ಕರು. ನಾನು ಮಂಚದ ಬದಿಯಲ್ಲಿ ಕೂತು, ಪ್ರಿಂಟನ್ನು ಮಗಳ ಮುಖದ ಎದುರು ಹಿಡಿದು ಕೇಳಿದೆ.

"ತಂಗಿ, ಈ ಫೋಟೋ ಅಲ್ಲಿ ಹಾಕಬಹುದಾ?"

ಅವಳು ಕಣ್ಣು ಮುಚ್ಚಿದಳು.

"ಅದು ಕಿಟಕಿಯ ಬೆಳಕಿಗೆ" ಎಂದರು ತಾಯಿ. ನಾನು ಎದ್ದು ಕಿಟಕಿ ಮುಚ್ಚಿ ಬಂದೆ. ಇಂಥ ಕಡೆ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಉತ್ತರವೂ ತಿರುಗಿದರೆ ಮಾತ್ರ ಅದು ಉತ್ತರ. "ಈ ಫೋಟೋ ಹಾಕುವುದು ಬೇಡವಾ?" ಎಂದೆ. ಅವಳು ಮೇಲೆ ನೋಡಿದಳು. ಮತ್ತೆ ಮೊದಲಿನ ಹಾಗೆ ಕೇಳಿದೆ. ಮುಚ್ಚಿದಳು, ಬಿಗಿಯಾಗಿ, ಹುಬ್ಬು ಗಂಟಾಗುವಷ್ಟು.

ತಾಯಿಯ ನಗು ಹೋಯಿತು. "ಅವಳನ್ನು ಎಂತಕ್ಕೆ ಕೇಳುವುದು? ಅವಳಿಗೆ ಎಂತ ಗೊತ್ತುಂಟು?" ಎಂದು ನನ್ನ ಮೇಲೆ ಹರಿಹಾಯ್ದರು. "ಇವಳನ್ನು ಹೊತ್ತುಕೊಂಡು ನಾನು ಪರಿಹಾರಕ್ಕೆ ಎಲ್ಲೆಲ್ಲ ಆಫೀಸಿನ ಎದುರು ಕೂತಿದ್ದೇನೆ ಅಂತ ನಿಮಗೆ ಗೊತ್ತಾ? ಆ ಫೋಟೋ ಇಲ್ಲದಿದ್ರೆ ನಮ್ಮನ್ನು ಒಂದು ನಾಯಿಯೂ ಕೇಳ್ತಿರ್ಲಿಲ್ಲ. ಅದನ್ನೂ ತೆಗೆದಿಟ್ರೆ, ನಾಳೆ ಇಲ್ಲಿ ಎಂತದೂ ಆಗ್ಲೇ ಇಲ್ಲ ಅಂತಾರೆ. ನಾನು ಸತ್ತ ಮೇಲೆ ಇವಳು ಯಾರ ಕಣ್ಣಿಗೆ ಬೀಳುವುದು, ಹೇಳಿ?"

ಅವರು ಹೇಳಿದ್ದು ನ್ಯಾಯ. ಮಗಳು ಹೇಳಿದ್ದೂ ನ್ಯಾಯ. ಒಬ್ಬರಿಗೆ ಮರೆತುಹೋಗುವ ಭಯ, ಇನ್ನೊಬ್ಬಳಿಗೆ ಹಾಗೆ ಕಾಣಿಸಿಕೊಳ್ಳುವ ನಾಚಿಕೆ. ಕಾಗದ ಸುರುಳಿ ಸುತ್ತಿಕೊಂಡು ಇಳಿದು ಬಂದೆ. ಜೀಪಿನಲ್ಲಿ ಡ್ರೈವರ್ ಏನೋ ಕೇಳಿದ್ದಕ್ಕೆ ಪಾಪ ಅವನ ಮೇಲೂ ಹಾರಿಬಿದ್ದೆ.

ನಿರ್ದೇಶಕರಿಗೆ ವಿಷಯ ಹೇಳಿದಾಗ ಅವರು ಮೊದಲು ನಂಬಲಿಲ್ಲ. "ಆ ಹುಡುಗಿಗೆ ಅಷ್ಟೆಲ್ಲ ತಿಳಿಯುತ್ತದೆಯೇ?"

"ತಿಳಿಯುವುದಿಲ್ಲ ಅಂತ ಯಾರು ಕೇಳಿ ನೋಡಿದ್ದು ಸಾರ್?" ನನ್ನ ಧ್ವನಿ ಏರಿತು. ಪಕ್ಕದ ಕೋಣೆಯಲ್ಲಿ ಟೈಪು ಮಾಡುವ ಸದ್ದು ನಿಂತಿತು. ಈ ಚಿತ್ರ ಸಮಾಜದ ನೆನಪು, ಇದಿಲ್ಲದೆ ಪ್ರದರ್ಶನಕ್ಕೆ ಬೆನ್ನೆಲುಬೇ ಇಲ್ಲ ಎಂದು ಅವರು ವಾದಿಸಿದರು. ಅದಕ್ಕೂ ಮೊದಲಿನ ವಾರ ಚಿತ್ರಗಳನ್ನು ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ತೂಗುಹಾಕಬೇಕು ಎಂದು ನಾನು ಹಟ ಹಿಡಿದಿದ್ದೆ. ನಿಂತವರು ಬಗ್ಗಬೇಕಾಗುತ್ತದೆ ಎಂದಿದ್ದರು, ಬಗ್ಗಲಿ ಸಾರ್ ಎಂದಿದ್ದೆ. ಆ ಬಿಸಿಯೂ ಆರಿರಲಿಲ್ಲ. ಕೊನೆಗೆ ಅವರು ಸೋತ ಧ್ವನಿಯಲ್ಲಿ, "ಪೋಸ್ಟರ್ ನಿಲ್ಲಿಸುತ್ತೇನೆ. ಆದರೆ ಚಿತ್ರದ ಯಜಮಾನರಿಗೆ ನೀವೇ ಹೇಳಬೇಕು" ಎಂದರು.

ಫೋಟೋಗ್ರಾಫರಿಗೆ ಫೋನ್ ಮಾಡಿದೆ. ಬೈಯುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಎಲ್ಲವನ್ನೂ ಕೇಳಿ ಮಲಯಾಳದಲ್ಲಿ ಒಂದೇ ಪ್ರಶ್ನೆ ಕೇಳಿದರು. "ಅವಳೇ ಹೇಳಿದಳೇ?" ಹೌದೆಂದೆ. ಆ ವಾರದಲ್ಲೇ ರೈಲು ಹತ್ತಿ ಬಂದರು. ಎಪ್ಪತ್ತರ ಹತ್ತಿರದ ಮನುಷ್ಯ. ಏರು ದಾರಿಯಲ್ಲಿ ನಿಂತು ನಿಂತು ನಡೆದರು. ಕ್ಯಾಮೆರಾದ ಪೆಟ್ಟಿಗೆಯನ್ನು ಜೀಪಿನಲ್ಲೇ ಬಿಟ್ಟಿದ್ದರು.

ತಾಯಿ ಅವರನ್ನು ಕೂಡಲೇ ಗುರುತು ಹಿಡಿದರು. "ಅಯ್ಯೋ, ಸಾರ್!" ಎಂದು ಮುಖ ಅರಳಿಸಿ ಒಳಗೆ ಓಡಿ, ಚಾಪೆ ತಂದು, ಬಿಸಿಲು ನೋಡತೊಡಗಿದರು.

ಆ ಹಿರಿಯರು ನಿಂತಲ್ಲೇ ನಿಂತರು. "ಇದನ್ನು ನಾನೇ ಕಲಿಸಿದ್ದು" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. ಆಮೇಲೆ ಮುಂದೆ ಹೋಗಿ ತಾಯಿಯ ಕೈಯಿಂದ ಚಾಪೆ ತೆಗೆದುಕೊಂಡು, ಸುತ್ತಿ, ಗೋಡೆಗೆ ಒರಗಿಸಿ ಇಟ್ಟರು. ಒಳಗೆ ಮಂಚದ ಹತ್ತಿರ ಬರಿಯ ನೆಲದಲ್ಲಿ ಕೂತು, ಆ ಚಿತ್ರ ಹಾಕಬಹುದಾ ಎಂದು ಮಗಳನ್ನು ಕೇಳಿದರು. ಅವಳು ಅವರನ್ನೇ ನೋಡಿ, ಕಣ್ಣು ಮುಚ್ಚಿದಳು. "ಸರಿ. ಇನ್ನು ಯಾರಿಗೂ ತೋರಿಸುವುದಿಲ್ಲ" ಎಂದು ಅವಳ ತಲೆ ಮುಟ್ಟಿದರು.

ತಾಯಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಅಳಲಿಕ್ಕೆ ಶುರು ಮಾಡಿದರು. "ಸಾರ್, ನೀವೂ ನಮ್ಮ ಕೈ ಬಿಟ್ರಾ?"

ನನಗೆ ಸಹಿಸಲಿಕ್ಕೆ ಆಗಲಿಲ್ಲ. ಹೀಗೆ ಒಬ್ಬರನ್ನು ಉಳಿಸಲಿಕ್ಕೆ ಹೋಗಿ ಇನ್ನೊಬ್ಬರನ್ನು ಮುಳುಗಿಸಿ ಮನೆಗೆ ಹೋಗುವುದು ಯಾವ ಸೀಮೆಯ ಕೆಲಸ? ಗಾಬರಿಯಲ್ಲೇ ಮಗಳ ಹತ್ತಿರ ಕೂತೆ. "ಅದು ಬೇಡ ಅಂತಾಯ್ತು ತಂಗಿ. ಮತ್ತೆ ಎಂತ ತೋರಿಸುವ?" ಎಂದೆ. ಹೌದು ಇಲ್ಲ ಎರಡೇ ಇರುವವಳ ಹತ್ತಿರ ಹಾಗೆ ಕೇಳಿದರೆ ಆಗುತ್ತದಾ? ಒಂದೊಂದೇ ಕೇಳುತ್ತ ಹೋದೆ. ಮನೆಯ ಫೋಟೋ? ಮುಚ್ಚಿದಳು. ಗೇರು ಮರದ್ದು? ಮುಚ್ಚಿದಳು. ಹೊಸ ಚೂಡಿದಾರ್ ಹಾಕಿ ಕುರ್ಚಿಯಲ್ಲಿ ಕೂತ ನಿನ್ನ ಫೋಟೋ? ಇದಕ್ಕೆ ಒಪ್ಪಿಯೇ ಒಪ್ಪುತ್ತಾಳೆ ಎಂದು ನನ್ನ ಲೆಕ್ಕ. ಮನಸ್ಸಿನಲ್ಲಿ ಬಣ್ಣವನ್ನೂ ಆರಿಸಿಟ್ಟಿದ್ದೆ. ಅದಕ್ಕೂ ಮುಚ್ಚಿದಳು. ಬೇರೆ ಏನೂ ತೋಚದೆ, "ಅಮ್ಮನದ್ದಾ?" ಎಂದೆ.

ಮೇಲೆ ನೋಡಿದಳು. ನೋಡುತ್ತಲೇ ಇದ್ದಳು.

"ನನ್ನದಾ?" ತಾಯಿಯ ಅಳು ಅರ್ಧಕ್ಕೆ ನಿಂತಿತು. "ನನ್ನದು ಎಂತಕ್ಕೆ ಮಾರಾಯ್ರೆ? ನನಗೆ ಎಂತ ಆಗಿದೆ?"

"ಸಾರ್ ತೆಗೆಯುವುದಾ ತಂಗಿ?" ಎಂದೆ. ಅವಳು ಕಣ್ಣು ಮುಚ್ಚಿದಳು. ನಾನಾ? ಮುಚ್ಚಿದಳು. ಅವಳೇ ತೆಗೆಯಬೇಕೆಂದಿದ್ದಾಳೆ ಎಂದು ನನಗೆ ಹೊಳೆಯುವ ಮೊದಲೇ ಆ ಹಿರಿಯರು ಎದ್ದು ನಿಂತಿದ್ದರು. ಜೀಪಿನ ತನಕ ನಡೆದು ಹೋಗಿ ಪೆಟ್ಟಿಗೆಯೊಂದಿಗೆ ಬಂದರು. ಅದರಲ್ಲಿ ಅವರ ಹಳೆಯ ರೀಲಿನ ಕ್ಯಾಮೆರಾ, ಅದಕ್ಕೆ ಸಿಕ್ಕಿಸುವ ಉದ್ದದ ಕೊಳವೆ, ಕೊಳವೆಯ ತುದಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ರಬ್ಬರಿನ ಉಂಡೆ. ಉಂಡೆ ಒತ್ತಿದರೆ ಗಾಳಿ ಹೋಗಿ ದೂರದಲ್ಲಿರುವ ಕ್ಯಾಮೆರಾ ಚಿತ್ರ ತೆಗೆಯುತ್ತದೆ.

ಮಗಳನ್ನು ಜಗಲಿಯ ಕುರ್ಚಿಯಲ್ಲಿ ದಿಂಬುಗಳನ್ನಿಟ್ಟು ಕೂರಿಸಿದೆವು. ಅವಳ ಮುಷ್ಟಿ ಯಾವಾಗಲೂ ಬಿಗಿದೇ ಇರುತ್ತಿದ್ದುದರಿಂದ ಕೈಗೆ ಕೊಡುವ ಹಾಗಿರಲಿಲ್ಲ. ಗಲ್ಲ ಮತ್ತು ಭುಜದ ನಡುವೆ ಉಂಡೆ ಸಿಕ್ಕಿಸಿ, ಜಾರದ ಹಾಗೆ ನನ್ನ ಶಾಲನ್ನು ಸುತ್ತಿದೆ. ಫೋಟೋಗ್ರಾಫರ್ ಕ್ಯಾಮೆರಾವನ್ನು ಅವಳ ಕಿವಿಯ ಪಕ್ಕಕ್ಕೆ, ಅವಳ ಕಣ್ಣಿನ ಎತ್ತರಕ್ಕೇ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅವಳು ಕಾಣುವುದನ್ನೇ ಅದೂ ಕಾಣುವ ಹಾಗೆ ಮಾಡಿದರು. ರೀಲು ಹಾಕದೆ ಒಮ್ಮೆ ಪರೀಕ್ಷೆ ಮಾಡಿದೆವು. ಗಲ್ಲ ಒತ್ತಿದಳು, ಟಕ್ಕೆಂದಿತು. ಅವಳು ನಕ್ಕ ಸದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ. ರೀಲು ಹಾಕಿ ಹಿರಿಯರು ಹಿಂದೆ ಸರಿದರು. "ಇನ್ನು ನನ್ನ ಕೆಲಸ ಇಲ್ಲ" ಎಂದರು.

ತಾಯಿ ಸೀರೆ ಬದಲಿಸಿ, ತಲೆ ಬಾಚಿ, ಮುಖಕ್ಕೆ ಪೌಡರ್ ಹಾಕಿಕೊಂಡು ಬಂದು ಎದುರಿನ ಸ್ಟೂಲಿನಲ್ಲಿ ಕೂತರು. ರೇಷನ್ ಕಾರ್ಡಿನ ಫೋಟೋಕ್ಕೆ ಕೂತ ಹಾಗೆ ಬಿಗಿಯಾಗಿ. ಟಕ್ಕೆನ್ನಲಿಲ್ಲ. "ಒತ್ತು ಮಗಾ." ಇಲ್ಲ. ಗಲ್ಲಕ್ಕೆ ನೋವಾಯಿತೋ ಎಂದು ಕೇಳಿದೆ. ಇಲ್ಲ ಎಂದು ಕಣ್ಣು ಮುಚ್ಚಿದಳು. ಕಾದೆವು. ತಾಯಿಯ ಕುತ್ತಿಗೆ ನೋಯತೊಡಗಿತು. ಬೀಡಿ ಎಲೆ ಒಣಗುತ್ತಿತ್ತು. ಪೌಡರ್ ಬೆವರಿನಲ್ಲಿ ಇಳಿಯಿತು.

"ಎಂತ ನಾಟಕ ಇದು?" ಅವರು ಥಟ್ಟನೆ ಎದ್ದು ನಿಂತರು. ಕ್ಯಾಮೆರಾದ ಹಿಂದೆ ನಿಂತ ನಮ್ಮಿಬ್ಬರ ಕಡೆ ಬೆರಳು ಮಾಡಿ ಕೂಗಿದರು. "ನನಗೆ ಕೆಲಸ ಇಲ್ವಾ? ಬಂದವರೆಲ್ಲ ಬರ್ತೀರಿ, ಕೂತ್ಕೊಳ್ಳಿ ಅಂತೀರಿ, ಮಲಗಿಸಿ ಅಂತೀರಿ, ಬಟ್ಟೆ ಸರಿಸಿ ಅಂತೀರಿ, ಮತ್ತೆ ಹೋಗ್ತೀರಿ! ಹೋದವರು ಯಾರಾದ್ರೂ ಒಮ್ಮೆ ತಿರುಗಿ—"

ಟಕ್.

ಆ ದಿನ ಅವಳು ತೆಗೆದದ್ದು ಅದೊಂದೇ. ಇನ್ನೊಂದು ಬೇಕಾ ಎಂದರೆ ಕಣ್ಣು ಮುಚ್ಚಿದಳು.

ಫೋಟೋಗ್ರಾಫರ್ ರೀಲು ತೊಳೆದು ಪ್ರಿಂಟು ಕಳುಹಿಸಿದಾಗ ನಿರ್ದೇಶಕರು ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಲ್ಲಿಂದ ಏಳಲೇ ಇಲ್ಲ. ಚೌಕಟ್ಟು ಸ್ವಲ್ಪ ವಾರೆ. ನಡುವೆ ಆ ಹೆಂಗಸು: ಬಾಯಿ ತೆರೆದಿದೆ, ಹಲ್ಲು ಕಾಣುತ್ತಿದೆ, ಸೆರಗು ಜಾರಿದೆ, ಬೆರಳು ನೇರ ನಮ್ಮ ಮೂಗಿಗೆ. "ಇದು ಸಾಕು. ಬೇರೆ ಯಾವುದೂ ಬೇಡ" ಎಂದರು. "ಅವರನ್ನು ಕೇಳದೆ ಆಗುವುದಿಲ್ಲ" ಎಂದೆ. ಈ ಸಲ ಅವರು ವಾದಿಸಲಿಲ್ಲ.

ನಾನು ಕೊಂಡುಹೋದ ಪ್ರಿಂಟು ನೋಡಿದ್ದೇ ತಾಯಿ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು. "ಅಯ್ಯೋ ದೇವ್ರೇ! ಇದು ನಾನಾ? ಇದನ್ನು ಊರೆಲ್ಲ ನೋಡುವುದಾ? ನನಗೆ ಬೇರೆ ಮುಖ ಇಲ್ವಾ? ನಾನು ದಿನಾ ಹೀಗೆ ಇರ್ತೇನಾ? ಬೇಡ ಟೀಚರ್, ಬೇಡವೇ ಬೇಡ."

ಉದ್ಘಾಟನೆ ಹತ್ತಿರ ಬಂದಿತ್ತು, ನಡುಗೋಡೆ ಖಾಲಿ ಇತ್ತು. ಆದರೂ, "ಬೇಡ ಅಂದ್ರೆ ಬೇಡ ಅಕ್ಕ. ಅಲ್ಲಿಗೆ ಮುಗೀತು" ಎಂದು ಪ್ರಿಂಟನ್ನು ಚೀಲಕ್ಕೆ ಹಾಕಲಿಕ್ಕೆ ಹೊರಟೆ.

ಅವರು ನನ್ನ ಕೈ ಹಿಡಿದರು. ಪ್ರಿಂಟನ್ನು ಮತ್ತೆ ತೆಗೆದುಕೊಂಡು ನೋಡಿದರು. ಮಂಚದಲ್ಲಿದ್ದ ಮಗಳ ಕಡೆ ನೋಡಿದರು. ಮೆಲ್ಲಗೆ ಹೋಗಿ ಮಂಚದ ಹತ್ತಿರ ಕುಕ್ಕರಗಾಲಿನಲ್ಲಿ ಕೂತರು.

"ನಿನಗೂ ಹೀಗೇ ಆಗ್ತಿತ್ತಾ ಮಗಾ?" ಎಂದು ಕೇಳಿದರು. "ಆಗೆಲ್ಲ? ಪ್ರತಿ ಸಲವೂ?"

ಮಗಳು ಮೇಲೆ ನೋಡಿದಳು.

ತಾಯಿ ಅವಳ ಹೊಟ್ಟೆಯ ಮೇಲೆ ತಲೆಯಿಟ್ಟರು. ನಾನು ಚಪ್ಪಲಿಯನ್ನೂ ಹಾಕದೆ ಅಂಗಳಕ್ಕೆ ಇಳಿದು, ಕಣ್ಣು ಒರೆಸಿಕೊಳ್ಳುತ್ತ, ಒಣಗಲಿಕ್ಕೆ ಹಾಕಿದ ಬಟ್ಟೆಗಳನ್ನು ನೋಡುತ್ತ ನಿಂತೆ. ಒಳಗಿನಿಂದ ಮೂಗು ಒರೆಸಿಕೊಂಡ ಸದ್ದು, ಆಮೇಲೆ ಕರೆದದ್ದು.

"ಟೀಚರೇ, ಅದನ್ನು ಹಾಕಿ."

"ಇವತ್ತು ಹೇಳುವುದು ಬೇಡ ಅಕ್ಕ. ಇನ್ನೊಮ್ಮೆ ಬಂದು ಕೇಳ್ತೇನೆ."

"ಎಂತದೂ ಕೇಳುವುದು ಬೇಡ." ಅವರು ಬಾಗಿಲಿಗೆ ಬಂದು ನಿಂತಿದ್ದರು. ಕಣ್ಣು ಕೆಂಪಾಗಿತ್ತು. "ಇವಳದ್ದು ಇನ್ನು ಯಾರೂ ನೋಡುವುದು ಬೇಡ. ನನ್ನನ್ನು ನೋಡ್ಲಿ. ಹಲ್ಲು ಕಂಡ್ರೆ ಕಾಣ್ಲಿ, ಬೈದ ಹಾಗೆ ಕಂಡ್ರೂ ಕಾಣ್ಲಿ. ಬೈಲಿಕ್ಕೆ ಬೇಕಾದಷ್ಟು ಉಂಟಲ್ಲಾ ನನಗೆ?"